ಹಿಮಾಲಯಕ್ಕೆ ಕರೆದೊಯ್ಯಬೇಕಿದ್ದ ಅಕ್ಕೋರು

ಅಕ್ಕೋರ ಎಡಗಡೆಯ ಕೊರಳೆಲುಬು ನಟ್ಟನಡುವೆ ಗಂಟು ಕಟ್ಟಿಕೊಂಡಿತ್ತು. ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡುವಾಗ ಮುರಿದದ್ದು, ನಾಟಿ ವೈದ್ಯರ ಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡದ್ದು. ಸೀಟಿ ಊದಲು ಕೈ ಎತ್ತಿದರೆ ಸೆರಗಿನ ಅಂಚಿನಲ್ಲಿ ಆ ಗಂಟು ಲಿಂಬೆಕಾಯಿಯಂತೆ ಎದ್ದು ಕಾಣುತ್ತಿತ್ತು. ಬೆನ್ನಚೀಲ ಹೊತ್ತಾಗ ಅದರ ಪಟ್ಟಿ ಸರಿಯಾಗಿ ಅಲ್ಲೇ ಬಂದು ಒತ್ತುತ್ತಿತ್ತು. ಹಳೆಯ ಟವೆಲ್ಲೊಂದನ್ನು ಮಡಿಚಿ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡು, “ನಡಿ ತಂಗಿ, ಬಿಸಲ ಏರೂದ್ರಾಗ ಕೆನಾಲ ಮುಟ್ಟೂಣು” ಎಂದು ಹೊರಟುಬಿಡುತ್ತಿದ್ದರು.

ನವಲಗುಂದ ತಾಲೂಕಿನ ನಮ್ಮ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಕಿ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಗಣಿತ ಕಲಿಸುವ ನಾನೂ ಒಬ್ಬ ಅಕ್ಕೋರೇ. ಆದರೆ ಊರಿನಲ್ಲಿ ಹಿಂದೆ ಮುಂದೆ ಏನೂ ಸೇರಿಸದೆ ಅಕ್ಕೋರು ಎಂದರೆ ಅವರೊಬ್ಬರೇ. ಮದುವೆ ಮಾಡಿಕೊಂಡಿರಲಿಲ್ಲ. ತಮ್ಮನ ಸಂಸಾರದ ಜೊತೆಗಿದ್ದರು. ಐವತ್ತು ದಾಟಿದ್ದರೂ ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹುಡುಗಿಯರ ಜೊತೆ ಮೈದಾನಕ್ಕೆ ಇಳಿಯುವವರು. ಯಾವಳಾದರೂ ಇನ್ನೊಬ್ಬಳ ಮೇಲೆ ಚಾಡಿ ಹೇಳಲು ಬಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. “ಆಕಿನ್ನ ಕರಕೊಂಡ ಬಾ. ಆಕಿ ಮಾರಿ ನೋಡಿ ಹೇಳು. ಬೆನ್ನ ಹಿಂದ ಹೇಳೂದು ಹೇಡಿ ಕೆಲಸ” ಎಂದು ಅಟ್ಟುತ್ತಿದ್ದರು. ಈ ಮಾತನ್ನು ಕೇಳಿ ಕೇಳಿ ನನ್ನ ತರಗತಿಯಲ್ಲೂ ನಾನು ಅದನ್ನೇ ಹೇಳತೊಡಗಿದ್ದೆ.

ನನ್ನ ತವರು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ. ಅಲ್ಲಿ ಊರು ದಾಟಿದರೆ ಏರು, ಇಳಿವು, ಗಿಡಗಂಟಿ. ಮದುವೆಯಾಗಿ ಇಲ್ಲಿಗೆ ಬಂದಾಗ, ಕಣ್ಣಿಗೆ ಎಲ್ಲಿಯೂ ತಡೆಯಿಲ್ಲದ ಈ ಎರೆಭೂಮಿ ನೋಡಿ ಮೊದಮೊದಲು ದಿಗಿಲಾಗುತ್ತಿತ್ತು. ಗಂಡನಿಗೆ ನವಲಗುಂದದಲ್ಲಿ ಆಫೀಸು ಕೆಲಸ. ಮನೆಯಲ್ಲಿ ಅತ್ತೆ. ಅವರು ಕೆಟ್ಟವರಲ್ಲ, ಆದರೆ ಸೊಸೆ ಶಾಲೆ ಬಿಟ್ಟೊಡನೆ ಸೀದಾ ಮನೆಗೆ ಬರಬೇಕು ಎನ್ನುವವರು. ಮಕ್ಕಳಿನ್ನೂ ಆಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಮೂಲೆ ಹಿಡಿದು ಕೂತಿರುತ್ತಿದ್ದ ನನ್ನನ್ನು ಒಂದು ಮಧ್ಯಾಹ್ನ ಅಕ್ಕೋರು ಇದ್ದಕ್ಕಿದ್ದಂತೆ ಕೇಳಿದರು.

“ತಂಗಿ, ನೀ ಬರ್ಫಾ ನೋಡೀಯೇನ?”

“ಹುಬ್ಬಳ್ಳ್ಯಾಗ ಬರ್ಫದ ಗೋಲಾ ತಿಂದೀನ್ರಿ.”

ಅವರು ಹೊಟ್ಟೆ ಹಿಡಿದು ನಕ್ಕರು. “ಗುಡ್ಡದ ಮ್ಯಾಲ ಬಿದ್ದದ್ದ ತೋರಸ್ತೀನಿ ಬಾ. ಹಿಮಾಲಯಕ್ಕ ಹೋಗೂಣು, ಡೇರೇದಾಗ ಮಲಗೂಣು. ನಾ ರಿಟೈರ್ ಆಗೂದ್ರಾಗ ಒಮ್ಮೆ ಹೋಗಬೇಕಾಗೇತಿ. ಜೋಡಿಗೆ ಒಬ್ಬರು ಬೇಕು.”

ಕಾಲೇಜಿನಲ್ಲಿದ್ದಾಗ ಅವರು ಪರ್ವತ ಶಿಬಿರಕ್ಕೆ ಆಯ್ಕೆಯಾಗಿದ್ದರಂತೆ. ಮನೆಯಲ್ಲಿ ತಂದೆ ಬಿಟ್ಟಿರಲಿಲ್ಲ. ಅಂದಿನಿಂದ ಹೊತ್ತುಕೊಂಡು ಬಂದ ಆಸೆ. ಬೇಸಿಗೆ ರಜೆಯಲ್ಲಿ ಹಿಮಾಚಲದ ಗುಡ್ಡಗಳಿಗೆ ಜನರನ್ನು ಕರೆದೊಯ್ಯುವ ಒಂದು ತಂಡದ ವಿವರ ತರಿಸಿಟ್ಟುಕೊಂಡಿದ್ದರು. ದಿನವಿಡೀ ನಡೆಯುವುದು, ಸಂಜೆ ಡೇರೆ ಹೊಡೆಯುವುದು, ಒಂದು ಡೇರೆಯಲ್ಲಿ ಇಬ್ಬರು. ಇಷ್ಟೊಂದು ಜನರಿರುವ ಶಾಲೆಯಲ್ಲಿ ಅವರು ನನ್ನನ್ನೇ ಯಾಕೆ ಆರಿಸಿದರೆಂದು ಆಗ ನಾನು ಕೇಳಲಿಲ್ಲ. ಆರಿಸಿದರಲ್ಲ ಎಂಬ ಸಂತೋಷವೇ ಸಾಕಾಗಿತ್ತು.

ಮನೆಯಲ್ಲಿ ಈ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ. ಒಂದು ಭಾನುವಾರ ಅಕ್ಕೋರೇ ಬಂದರು. ಪಡಸಾಲೆಯಲ್ಲಿ ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವಲಕ್ಕಿ ತಿಂದು, ಚಹಾ ಕುಡಿದು, ಆಮೇಲೆ ವಿಷಯಕ್ಕೆ ಬಂದರು.

ಅತ್ತೆ ಗಾಬರಿಯಾದರು. “ಡೇರೇದಾಗ ಮಲಗಾಕ ನಮ್ಮ ಸೊಸಿ ಏನ ಸರ್ಕಸ್ ಕಂಪನಿಯಾಕೀನ್ರಿ ಅಕ್ಕೋರ?”

“ಸರ್ಕಸ್ಸಿನಾಕಿ ಆಗಿದ್ರ ಊರೂರ ತಿರಗಿ ಜಗತ್ತರ ನೋಡ್ತಿದ್ಲ ಬಿಡ್ರಿ.”

ಅತ್ತೆಗೂ ನಗು ಬಂತು. ಅದೇ ಹೊತ್ತು ನೋಡಿ ಅಕ್ಕೋರು ಅವರ ಕೈ ಹಿಡಿದುಕೊಂಡರು. “ಯವ್ವಾ, ಹ್ಯಾಂಗ ಒಯ್ತೀನಿ ಹಂಗ ತಂದು ಇದ ಪಡಸಾಲ್ಯಾಗ ಕುಂಡ್ರಸ್ತೀನಿ. ಆಕಿ ನನ್ನ ಜವಾಬ್ದಾರಿ.”

ಅತ್ತೆ ಒಪ್ಪಿದರು. “ಅಕ್ಕೋರ ಜೋಡಿ ಅಂದ್ರ ನಂದೇನ ತಕರಾರಿಲ್ಲ” ಎಂದರು ನನ್ನ ಗಂಡ. ನನ್ನ ಪರವಾಗಿ ಒಬ್ಬರು ನಮ್ಮ ಮನೆಗೆ ಬಂದು ಮಾತಾಡಿದ್ದು ಅದೇ ಮೊದಲು.

ತಯಾರಿ ಶುರುವಾಯಿತು. ಹುಬ್ಬಳ್ಳಿಗೆ ಹೋಗಿ ಬೆನ್ನಚೀಲ ತಂದೆವು. ಅವುಗಳಲ್ಲಿ ಜೋಳ ತುಂಬಿಕೊಂಡು ಬೆಳಿಗ್ಗೆ ಯಮನೂರಿನ ಕಡೆ ಕಾಲುವೆ ದಂಡೆಯ ಮೇಲೆ ನಡೆಯುತ್ತಿದ್ದೆವು. ಹೊಲಕ್ಕೆ ಹೊರಟವರು ಬಂಡಿ ನಿಲ್ಲಿಸಿ, “ಅಕ್ಕೋರ, ಜ್ವಾಳಾ ಎಲ್ಲಿ ಮಾರಾಕ ಹೊಂಟೀರಿ?” ಎಂದು ಕೇಳುವರು. “ಹಿಮಾಲಯದಾಗ ರೇಟ್ ಛಲೋ ಐತಂತಪಾ!” ಎಂದು ಇವರು ತಿರುಗಿ ನೋಡದೆ ಕೂಗುವರು. ರಜೆಯ ದಿನ ನವಲಗುಂದದ ಗುಡ್ಡ ಹತ್ತಿಸುತ್ತಿದ್ದರು. ನಾನು ಏದುಸಿರು ಬಿಡುತ್ತ ಕಾಲು ನೋವು ಎಂದರೆ, “ಏರೂದು ಕಾಲಲೆ ಅಲ್ಲ ತಂಗಿ, ಉಸರಲೆ. ಮಾತಾಡಕೋತ ಏರಾಕ ಬಂದ್ರ ನಿನ್ನ ನಡಗಿ ಬರೋಬ್ಬರಿ ಐತಿ ಅಂತ ತಿಳಕೋ” ಎನ್ನುವರು. ಮೊದಲು ಅರ್ಧಕ್ಕೇ ಕೂತುಬಿಡುತ್ತಿದ್ದವಳು, ಚಳಿಗಾಲ ಕಳೆಯುವ ಹೊತ್ತಿಗೆ ತುದಿಯವರೆಗೂ ಹರಟುತ್ತ ಹೋಗುವಂತಾಗಿದ್ದೆ.

ಶಾಲೆಯ ಮೈದಾನದಲ್ಲಿ ಡೇರೆ ಹೊಡೆಯಲು ಹೋದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಬಿಸಿಲಿಗೆ ಎರೆಮಣ್ಣು ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. ಗಟ್ಟಿ ಇದ್ದಲ್ಲಿ ಹೊಡೆದರೆ ಗೂಟ ಬಾಗುತ್ತಿತ್ತು. ಬಿರುಕಿನ ಬಾಜೂಕ್ಕೆ ಹೊಡೆದರೆ ಒಳಗೆ ಬಿದ್ದು ಮಾಯವಾಗುತ್ತಿತ್ತು. “ಈ ಭೂಮಿ ಗೂಟಾನೂ ನುಂಗತೈತಲೇ!” ಎಂದು ಬೈದು, ಕೊನೆಗೆ ಕಬಡ್ಡಿ ಅಂಕಣಕ್ಕೆಂದು ಹಾಕಿಸಿದ್ದ ಕೆಂಪು ಮಣ್ಣಿನಲ್ಲಿ ಹೊಡೆಸಿದರು. ಗಾಳಿಯ ದಿಕ್ಕು ನೋಡುವುದು, ಮೂಲೆಗಳನ್ನು ಮೊದಲು ಬಿಗಿಯುವುದು, ಆಮೇಲೆ ಕೋಲು ಎತ್ತುವುದು, ಇದನ್ನೆಲ್ಲ ಸರಿಯಾಗುವವರೆಗೆ ಬಿಚ್ಚಿಸಿ ಬಿಚ್ಚಿಸಿ ಮಾಡಿಸಿದರು. ಊಟದ ಬಗ್ಗೆಯೂ ಅವರದು ಖಚಿತ ಅಭಿಪ್ರಾಯ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಂಟಿನ ಉಂಡಿ. “ಉಳದವ್ರು ಬಿಸ್ಕೀಟ್ ತಿಂದ ಮಾರಿ ಸಣ್ಣ ಮಾಡ್ಕೊಂಡ ಕುಂತಿರ್ತಾರ, ನಾವು ರೊಟ್ಟಿ ಮುರಕೋತ ಕುಂಡ್ರೂಣು.”

ನಮ್ಮ ಮನೆಯಲ್ಲಿ ಜಾಗವಿಲ್ಲವೆಂದು ನನ್ನ ಸಾಮಾನನ್ನೂ ಅವರ ಮನೆಯಲ್ಲೇ ಇಟ್ಟಿದ್ದೆ. ನನಗೆಂದು ಕೊಂಡ ಹಳದಿ ರೇನ್‌ಕೋಟೂ ಅಲ್ಲೇ ಅವರ ಅಲಮಾರಿಯಲ್ಲಿತ್ತು. ಅವರ ತಮ್ಮನ ಮಗಳು, ಧಾರವಾಡದಲ್ಲಿ ಕಾಲೇಜು ಓದುತ್ತಿದ್ದವಳು, ನಮ್ಮ ಗಡಿಬಿಡಿ ನೋಡಿ, “ಆ ಥಂಡ್ಯಾಗ ಯಾರ ಸಾಯಬೇಕ ಬಿಡ್ರಿ” ಎಂದು ನಗುತ್ತಿದ್ದಳು.

ಹೊರಡುವ ದಿನ ಹತ್ತಿರ ಬಂದಂತೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಹೈಸ್ಕೂಲಿನಲ್ಲಿ ಓದುವ ತನಕ ನನಗೆ ಮೂರ್ಛೆ ಬರುತ್ತಿತ್ತು. ಅಜ್ಜಿ ಓಡಿಬಂದು ಅಂಗೈಯಲ್ಲಿ ಕಬ್ಬಿಣದ ಕೀಲಿಕೈ ಒತ್ತುತ್ತಿದ್ದದ್ದು, ಎಚ್ಚರವಾದಾಗ ಸುತ್ತ ನಿಂತವರ ಮುಖಗಳು ನನಗೆ ಇನ್ನೂ ನೆನಪಿವೆ. ಹುಬ್ಬಳ್ಳಿಯ ದವಾಖಾನೆಯ ಗುಳಿಗೆಗಳಿಂದ ಅದು ಪೂರ್ತಿ ನಿಂತಿತು. ವೈದ್ಯರೇ ಗುಳಿಗೆ ಬಿಡಿಸಿದರು. ಆಮೇಲೆ ಒಮ್ಮೆಯೂ ಬರಲಿಲ್ಲ. ಮದುವೆಯ ಮಾತು ಬಂದಾಗ ಅಪ್ಪ, “ಈಗ ಏನೂ ಇಲ್ಲಲ್ಲ, ಇಲ್ಲದ್ದನ್ನ ಯಾಕ ಹೇಳೂದು” ಎಂದ. ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಳು. ಆದರೆ ಆ ಗುಡ್ಡಗಳಲ್ಲಿ ನನ್ನ ಪಕ್ಕ ಮಲಗುವವರಿಗೆ ಇದು ಗೊತ್ತಿರಬೇಡವೇ?

ನವಲಗುಂದದ ಗುಡ್ಡದ ಮೇಲೆ, ಬಂಡೆಯೊಂದರ ನೆರಳಲ್ಲಿ ಕೂತಾಗ ಅಕ್ಕೋರಿಗೆ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು.

“ಹೇಳಿದ್ದ ಛಲೋ ಮಾಡ್ದಿ. ಹೆದರಬ್ಯಾಡ. ಇದು ನನ್ನ ಹೊಟ್ಯಾಗಿಂದ ಹೊರಗ ಬರಂಗಿಲ್ಲ.”

ಬರೀ ಸಮಾಧಾನ ಹೇಳಿ ಬಿಡಲಿಲ್ಲ. ಹುಬ್ಬಳ್ಳಿಯ ವೈದ್ಯರೊಬ್ಬರಲ್ಲಿಗೆ ತಾವೇ ಕರೆದುಕೊಂಡು ಹೋದರು. ಅವರು ಪರೀಕ್ಷಿಸಿ, ಹೋಗಿಬರಲು ಅಡ್ಡಿಯಿಲ್ಲ, ನಿದ್ದೆಗೆಡಬೇಡಿ, ಉಪವಾಸ ಮಾಡಬೇಡಿ ಎಂದು ಹೇಳಿ, ಜೊತೆಗಿರಲೆಂದು ಗುಳಿಗೆ ಬರೆದುಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರು ಚುರುಮುರಿ ಗಿರ್ಮಿಟ್ ಕೊಡಿಸಿದರು. “ಅಷ್ಟ ಸಣ್ಣ ಮಾತಿಗೆ ಇಷ್ಟ ವರ್ಷ ಹೆದರಿ ಕುಂತಿದ್ದೇನಬೇ?” ಎಂದು ಬೆನ್ನಿಗೊಂದು ಗುದ್ದಿದರು. ತವರಿನವರನ್ನು ಬಿಟ್ಟರೆ ನನ್ನ ಗುಟ್ಟು ಗೊತ್ತಿದ್ದ ಮೊದಲ ಮನುಷ್ಯರು ಅವರು. ಊರಿಗೆ ಬರುವ ತನಕ ಬಸ್ಸಿನ ಕಿಟಕಿಗೆ ತಲೆಯಿಟ್ಟು ಗಾಳಿ ಕುಡಿದೆ. ಅಂಥ ಹಗುರ ನನಗೆ ಹಿಂದೆಂದೂ ಅನಿಸಿರಲಿಲ್ಲ.

ಹೊರಡಲು ಕೆಲವೇ ದಿನ ಉಳಿದಿದ್ದವು. ಪರೀಕ್ಷೆಯ ಪೇಪರು ತಿದ್ದಿ ಮುಗಿಸಿ ಸಂಜೆ ಮನೆಗೆ ಬಂದಾಗ ಗಂಡ ಆಗಲೇ ಆಫೀಸಿನಿಂದ ಬಂದು ಪಡಸಾಲೆಯಲ್ಲಿ ಕೂತಿದ್ದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ನಿನಗ ಮೂರ್ಛಿ ಬರ್ತಿತ್ತಂತಲ್ಲ. ಖರೇನು?”

“ಯಾರ ಹೇಳಿದ್ರು?”

“ಅಕ್ಕೋರು. ಮಧ್ಯಾಹ್ನ ಬಂದು ಅವ್ವನ ಮುಂದ ಕುಂತ ಎಲ್ಲಾ ಹೇಳಿ ಹೋಗ್ಯಾರ. ಆಕಿನ್ನ ಕಳಸಬ್ಯಾಡ್ರಿ, ನನ್ನ ಕಡಿಂದ ಜವಾಬ್ದಾರಿ ಆಗಂಗಿಲ್ಲ ಅಂದ್ರಂತ.”

ಅತ್ತೆ ಮಲಗಿದಲ್ಲಿಂದಲೇ ಹೇಳಿದರು: “ಗೋಡಿಗೆ ಗೊತ್ತಿತ್ತು, ಗಿಡಕ್ಕ ಗೊತ್ತಿತ್ತು, ನಮಗ ಅಷ್ಟ ಗೊತ್ತಿದ್ದಿಲ್ಲ.”

ವೈದ್ಯರು ಹೋಗಬಹುದು ಎಂದಿದ್ದಾರೆ ಎಂದು ಹೇಳಲು ನೋಡಿದೆ. ಯಾರಿಗೂ ಈಗ ಹಿಮಾಲಯದ ಚಿಂತೆ ಇರಲಿಲ್ಲ. ಅಕ್ಕೋರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅವರ ಮನೆಗೆ ಓಡಿದೆ. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು, “ಅವರು ಬೆಳಗಾವಿಗೆ ಹೋದ್ರಲ್ರಿ. ಅಲ್ಲಿ ಎರಡ ದಿನ ಇದ್ದು ಹಂಗ ರೈಲು ಹತ್ತತಾರಂತ” ಎಂದರು. ಒಳಗೆ ಬಾ ಎನ್ನಲಿಲ್ಲ.

ಬಮ್ಮಿಗಟ್ಟಿಯಿಂದ ಅಪ್ಪನನ್ನು ಕರೆಸಿದರು. ಅಪ್ಪ ಪಡಸಾಲೆಯ ತುದಿಯಲ್ಲಿ ಕೂತು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಒಡಕ ಗಡಿಗಿ ದಾಟಿಸಿದ್ರಲ್ರಿ ಬೀಗರ” ಎಂದರು ಅತ್ತೆ. ಅಪ್ಪ ಏನೋ ಹೇಳಹೊರಟ. ಎರಡೂ ಕೈ ಜೋಡಿಸಿದ. ತಗ್ಗಿದ ಅಪ್ಪನ ತಲೆಯ ಮೇಲಿನ ನಾಲ್ಕು ಬಿಳಿ ಕೂದಲನ್ನು ಅಷ್ಟು ಹತ್ತಿರದಿಂದ ನಾನು ಅವತ್ತೇ ನೋಡಿದ್ದು. ಅವನಿಗೆ ತಂದ ಚಹಾ ಹಾಗೇ ಆರಿತು.

ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹೊಡೆಯಲಿಲ್ಲ. ಆದರೆ ಗಂಡ ಒಂದು ಸ್ಕ್ರೂಡ್ರೈವರ್ ತಂದು ಬಚ್ಚಲಮನೆಯ ಒಳಚಿಲಕ ಬಿಚ್ಚಿದರು. “ಒಳಗ ಏನರ ಆದ್ರ?” ಎಂದರು. ಒಲೆಯ ಮುಂದೆ ನಿಂತರೆ ಅತ್ತೆ ಬಂದು ಬಾಜೂಕ್ಕೆ ನಿಲ್ಲುವರು. ಕೈಯಿಂದ ಲೋಟ ಜಾರಿದರೆ ಇಬ್ಬರೂ ಎದ್ದು ಬರುವರು. ಹತ್ತಾರು ಹುಡುಗಿಯರಿಗೆ ಬೀಜಗಣಿತ ಕಲಿಸುವ ನಾನು ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಸ್ನಾನ ಮಾಡುವಂತಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಬಂತು. ಹಿಂದೆ ಬಿಳಿ ಗುಡ್ಡ, ಮುಂದೆ ಡೇರೆ. ಅಕ್ಕೋರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ, ಥಂಡಿಯಲ್ಲಿ ಯಾರು ಸಾಯಬೇಕು ಎಂದಿದ್ದ ತಮ್ಮನ ಮಗಳು. ಅವಳ ಮೈಮೇಲೆ ನನ್ನ ಹಳದಿ ರೇನ್‌ಕೋಟು. ಎಲ್ಲರೂ ಹೂವು, ಹೆಬ್ಬೆರಳು, ನಮಸ್ಕಾರ ಹಾಕಿದ್ದರು. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ತೋಳು ಅವಳಿಗೆ ಸ್ವಲ್ಪ ಉದ್ದವಾಗಿತ್ತು, ಎರಡು ಮಡಿಕೆ ಹಾಕಿದ್ದಳು.

ಮಳೆಗಾಲಕ್ಕೆ ಶಾಲೆ ತೆರೆಯಿತು. ಅಕ್ಕೋರು ಬಿಸಿಲಿಗೆ ಸುಟ್ಟು ಕಪ್ಪಾಗಿ, ಮೂಗಿನ ತುದಿಯ ಸಿಪ್ಪೆ ಎದ್ದು ಬಂದಿದ್ದರು. ಎಲ್ಲರ ಮೇಜಿನ ಮೇಲೂ ಅಕ್ರೋಟ್ ಇಡುತ್ತ ನನ್ನ ಮೇಜಿಗೂ ಬಂದರು. ಉಳಿದವರು ತರಗತಿಗೆ ಹೋಗುವ ತನಕ ಕಾದೆ.

“ಯಾಕ್ರಿ ಅಕ್ಕೋರ?”

ಅವರು ಕಿಟಕಿಯ ಕಡೆ ನೋಡಿದರು. “ನನಗ ಅಂಜಿಕಿ ಬಂತು. ಮ್ಯಾಲ ನಿನಗೇನರ ಆಗಿದ್ರ ನಾ ಏನ್ ಮಾಡ್ತಿದ್ದೆ? ನಿನ್ನ ಜೀಂವಾ ಉಳಸೀನಿ ಅಂತ ತಿಳಕೋ.”

“ನೀ ಬರಬ್ಯಾಡ ಅಂತ ನನಗ ಹೇಳಿದ್ರ ನಾ ಉಳಕೋತಿದ್ದಿಲ್ಲೇನ್ರಿ? ಅತ್ತಿ ಮುಂದ ಯಾಕ ಹೇಳಿದ್ರಿ?”

“ನಿನ್ನ ಮಾರಿ ನೋಡಿ ಬ್ಯಾಡ ಅನ್ನೂದು ನನ್ನ ಕಡಿಂದ ಆಗ್ತಿದ್ದಿಲ್ಲ, ತಂಗಿ.”

“ನಮ್ಮಪ್ಪ ಕೈ ಮುಗದು ಕುಂತಿದ್ದ್ರಿ.”

ಅವರು ಎದ್ದರು. ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋದರು. ಅಕ್ರೋಟ್ ಪೊಟ್ಟಣವನ್ನು ನಾನು ಜವಾನನಿಗೆ ಕೊಟ್ಟೆ.

ಅಂಜಿಕೆ ಬಂದದ್ದು ನಿಜವಿರಬಹುದು. ಅಥವಾ ತಮ್ಮನ ಮಗಳು ಕೊನೆಗಳಿಗೆಯಲ್ಲಿ ನಾನೂ ಬರುತ್ತೇನೆ ಎಂದಿರಬಹುದು. ಉಣ್ಣಿಸುವ ಮನೆಯ ಹುಡುಗಿಗೆ ಇಲ್ಲ ಎನ್ನಲು ಆಗದೆ, ನನ್ನನ್ನು ಬಿಡಿಸಲು ಕೈಗೆ ಸಿಕ್ಕ ಕಾರಣವನ್ನು ಬಳಸಿರಬಹುದು. ಎರಡನ್ನೂ ಎಷ್ಟೋ ಸಲ ತೂಗಿ ನೋಡಿದ್ದೇನೆ. ಇಂದಿಗೂ ತಿಳಿಯದು. ಯಾವುದೇ ಆಗಿದ್ದರೂ ನನ್ನೆದುರು ನಿಂತು ಒಂದು ಮಾತು ಹೇಳಿದ್ದರೆ ನಾನು ಅತ್ತು, ಸಿಟ್ಟಾಗಿ, ಆಮೇಲೆ ಅವರಿಗೆ ರೊಟ್ಟಿ ಕಟ್ಟಿಕೊಟ್ಟು ಕಳಿಸುತ್ತಿದ್ದೆ.

ಮುಂದೆ ಕೆಲಸವಿದ್ದಷ್ಟೇ ಮಾತು. ಅವರು ನಿವೃತ್ತರಾದಾಗ ಹೆಡ್‌ಮಾಸ್ತರರು, “ನೀವ ಅವರಿಗೆ ಹತ್ತಿರದವ್ರು, ನಾಕ ಮಾತ ಆಡ್ರಿ” ಎಂದರು. ಗಂಟಲು ಕೂತಿದೆ ಎಂದೆ. ಹಾರ ಹಾಕಿಸಿಕೊಂಡು ಹೊರಡುವಾಗ ಅಕ್ಕೋರು ನನ್ನ ಮುಂದೆ ಒಂದು ಕ್ಷಣ ನಿಂತರು. “ಬರ್ತೀನಿ ತಂಗಿ” ಎಂದರು. ನಾನು ತಲೆಯಾಡಿಸಿದೆ.

ನಮ್ಮ ಮನೆಯಲ್ಲಿ ಕಾಲ ಸರಿದಂತೆ ಗಾಳಿ ತಣ್ಣಗಾಯಿತು. ಮಗಳು ಹುಟ್ಟಿದಳು. ಆಗಲೂ ನನಗೆ ಏನೂ ಆಗಲಿಲ್ಲ. ಒಂದು ದಿನ ಗಂಡ ತಾವಾಗಿಯೇ ಬಚ್ಚಲಿಗೆ ಹೊಸ ಚಿಲಕ ಹಚ್ಚಿ ಆಫೀಸಿಗೆ ಹೋದರು. ಅಪ್ಪ ಮಾತ್ರ ಮತ್ತೆಂದೂ ನಮ್ಮ ಪಡಸಾಲೆ ಹತ್ತಲಿಲ್ಲ. ಮೊಮ್ಮಗಳನ್ನು ನೋಡಲು ಬಂದರೂ ಹೊರಗಿನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದ. ತೀರಿಕೊಳ್ಳುವವರೆಗೂ ಹಾಗೆಯೇ.

ಅಕ್ಕೋರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಸುದ್ದಿ ಬಂತು. ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದರು. ಹೋದೆ. ಆ ಮೈದಾನ ತುಂಬಿ ನಿಲ್ಲುತ್ತಿದ್ದ ದೇಹ ಕೌದಿಯ ಕೆಳಗೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಹತ್ತಿರ ಕೂರಲು ಹೇಳಿದರು. ತಪ್ಪಾಯಿತು ಎಂಬ ಮಾತು ಈಗ ಬರುತ್ತದೆ ಎಂದುಕೊಂಡೆ.

ಅವರು ಹಿಮಾಲಯದ ಕಥೆ ಹೇಳತೊಡಗಿದರು. ಗೂಟ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿದ್ದ ಮಣ್ಣು, ಬೆಳಿಗ್ಗೆ ಡೇರೆಯ ಮೇಲೆ ಕೂತ ಹಿಮದ ಪುಡಿ, ಕುದಿಯುವ ಚಹಾ ಬಾಯಿಗೆ ತರುವಷ್ಟರಲ್ಲಿ ಆರುತ್ತಿದ್ದದ್ದು. ಹೇಳುತ್ತ ಹೇಳುತ್ತ ಕಣ್ಣು ಹೊಳೆದವು. “ನೀ ಹೋಗು. ಖರೇನ ಹೋಗು. ನಿನ್ನ ನಡಗಿ ನನ್ನ ನಡಗಿಗಿಂತ ಛಲೋ ಇತ್ತು” ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ದಣಿದು ಕಣ್ಣು ಮುಚ್ಚಿದರು. ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಒಂದೇ ಒಂದು ಮಾತಿಗೆ ಕಾದೆ. ಅವರ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಎದ್ದು ಬಂದೆ. ಆ ವಾರವೇ ಹೋದರು. ಮಣ್ಣಿಗೆ ಬಂದವರೆಲ್ಲ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ನಾನು ಹಿಮಾಚಲಕ್ಕೆ ಹೋದೆ. ಮನೆಯಲ್ಲಿ ಕೇಳಲಿಲ್ಲ, ಹೇಳಿದೆ. ಮಗಳನ್ನು ಅತ್ತೆ ನೋಡಿಕೊಂಡರು. ಗಂಡ ಹುಬ್ಬಳ್ಳಿಯ ತನಕ ಬಂದು ರೈಲು ಹತ್ತಿಸಿದರು. ಮೊದಲ ಸಂಜೆ ಶಿಬಿರದಲ್ಲಿ ತಂಡದ ಮುಂದಾಳು ಎಲ್ಲರನ್ನೂ ದುಂಡಗೆ ಕೂರಿಸಿ, ಯಾರಿಗೆ ಏನು ತೊಂದರೆ ಇದೆ ಎಂದು ಕೇಳಿದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ. ನನ್ನ ಸರದಿ ಬಂದಾಗ, ಚಿಕ್ಕವಳಿದ್ದಾಗ ಮೂರ್ಛೆ ಬರುತ್ತಿತ್ತು ಎಂದು ಅಷ್ಟು ಜನರೆದುರು ಹೇಳಿದೆ. ಕೆಲವರು ತಲೆಯಾಡಿಸಿದರು. ಮಾತು ಮುಂದಿನವರಿಗೆ ಹೋಯಿತು. ನನ್ನ ಡೇರೆಯ ಜೊತೆಗಾತಿ ಬೆಳಗಾವಿಯ ಬ್ಯಾಂಕಿನಲ್ಲಿದ್ದಾಕೆ. ಆಕೆ ನನ್ನ ಕಡೆ ವಾಲಿ, “ಗುಳಿಗಿ ಯಾವ ಖಿಸೇದಾಗ ಇಟ್ಟೀರಿ, ಅಷ್ಟ ಹೇಳಿಡ್ರಿ” ಎಂದಳು.

ಅಷ್ಟೇ. ನಾನು ಎದ್ದು ದೂರ ಹೋಗಿ ನಿಂತೆ. ಎದುರಿನ ಗುಡ್ಡಗಳ ತುದಿಗೆ ಇನ್ನೂ ಬಿಸಿಲಿತ್ತು. ಅಕ್ಕೋರು ತೀರಿಕೊಂಡಾಗ ಬಾರದ ಅಳು ಅಲ್ಲಿ ಬಂತು. ಅದು ದುಃಖದ್ದಲ್ಲ, ಸಿಟ್ಟಿನದು. ಇದನ್ನು ನಾನೇ ಹೇಳಬಹುದಿತ್ತು. ನನ್ನ ಹೊತ್ತು ನೋಡಿ, ನನ್ನ ಬಾಯಿಂದ, ಗಂಡನಿಗೆ, ಅತ್ತೆಗೆ. ಅಪ್ಪನನ್ನು ಕರೆಸುವ ಮೊದಲು. ಆ ಅವಕಾಶವನ್ನು ಅವರು ನನ್ನಿಂದ ಒಂದು ಮಧ್ಯಾಹ್ನದಲ್ಲಿ ಕಿತ್ತುಕೊಂಡರು. ಹಾಗೆಂದು, ಆ ಎತ್ತರಕ್ಕೆ ನನ್ನನ್ನು ಮುಟ್ಟಿಸಿದ ನಡಿಗೆ ಅವರದು ಅಲ್ಲ ಎಂದೂ ಹೇಳಲಾರೆ.

ಕಣ್ಣು ಒರೆಸಿಕೊಂಡು ಬಂದು ಡೇರೆ ಹೊಡೆಯಲು ಕೂತೆ. ಉಳಿದವರು ಇನ್ನೂ ಕೋಲು ಜೋಡಿಸುತ್ತಿದ್ದಾಗ ನಮ್ಮದು ನಿಂತಿತ್ತು. ಬೆಳಗಾವಿಯಾಕೆ ಹಗ್ಗ ಎಳೆದು ನೋಡಿ ಬೆರಗಾದಳು.

“ಯಾರ ಕಲಿಸ್ಯಾರ್ರಿ ನಿಮಗ?”

“ನಮ್ಮ ಶಾಲ್ಯಾಗ ಒಬ್ರ ಅಕ್ಕೋರಿದ್ರು.”

“ಭಾಳ ಛಲೋ ಮಂದಿ ಇದ್ದಿರಬೇಕು.”

“ಕಲಸೂದ್ರಾಗ ಭಾಳ ಛಲೋ ಇದ್ರು” ಎಂದೆ.

ಇನ್ನೂ ಏನಾದರೂ ಹೇಳುತ್ತೇನೆಂದು ಆಕೆ ನನ್ನ ಮುಖ ನೋಡುತ್ತ ಕಾದಳು. ನನಗೆ ಹೇಳಲು ಅಷ್ಟೇ ಇತ್ತು.